ಎಂಟನೇ ದಿನದ ನೀರು

ಹುಬ್ಬಳ್ಳಿ
ಸೋಮವಾರ, ಮಧ್ಯಾಹ್ನ

ಉಮಾ,

ಹೆಸರಿನ ಜೊತೆ ಏನು ಸೇರಿಸಬೇಕೆಂದು ಅರ್ಧ ತಾಸು ಯೋಚಿಸಿದೆ. ಸೊಸೆ ಎಂದು ಕರೆಯುವ ಹಾಗಿಲ್ಲ, ಮಗಳೇ ಎಂದು ಕರೆಯಲು ಮುಖವಿಲ್ಲ. ಕೊನೆಗೆ ಬರೀ ಹೆಸರು ಬರೆದೆ. ಇದು ದಾಕ್ಷಾಯಿಣಿಯ ಪತ್ರ, ಒಂದು ಕಾಲಕ್ಕೆ ನಿನ್ನ ಅತ್ತೆಯಾಗಿದ್ದವಳದು. ಹರಿದು ಹಾಕುವ ಮನಸ್ಸಾದರೆ ಹರಿದು ಹಾಕು, ಬೇಡ ಅನ್ನುವುದಿಲ್ಲ. ಆದರೆ ಓದಿ ಹರಿ.

ಫೋನ್ ಮಾಡಬಹುದಿತ್ತು. ನಿನ್ನ ನಂಬರು ಇನ್ನೂ ಇದೆ, ಅಳಿಸಿಲ್ಲ. ಆದರೆ ಫೋನಿನಲ್ಲಾದರೆ ನಾನು ನಡುವೆಯೇ ಅತ್ತುಬಿಡುತ್ತೇನೆ. ನಾನು ಅತ್ತರೆ ನೀನು ಸಮಾಧಾನ ಮಾಡಲು ಶುರು ಮಾಡುತ್ತೀ, ನಿನ್ನ ಸ್ವಭಾವವೇ ಅದು. ಆಮೇಲೆ ಹೇಳಬೇಕಾದ ಮಾತು ಹೇಳದೆಯೇ, ಸಮಾಧಾನ ಮಾಡಿಸಿಕೊಂಡು, ಮೂಗು ಒರೆಸಿಕೊಂಡು ನಾನು ಆರಾಮಾಗಿ ಫೋನ್ ಇಡುತ್ತೇನೆ. ಮೂರು ವರ್ಷ ಹಾಗೆ ಆರಾಮಾಗಿಯೇ ಇದ್ದೇನೆ. ಇನ್ನು ಸಾಕು.

ಹೋದ ವಾರ ಖಾದರಬಾಷಾ ಸಿಕ್ಕಿದ್ದರು. ಧಾರವಾಡದಲ್ಲಿ ನರ್ಸರಿ ಇಟ್ಟವರು, ನಿನಗೆ ಗಿಡ ಕೊಟ್ಟವರು. ನಮ್ಮ ಓಣಿಯಲ್ಲಿ ಯಾರದೋ ಮನೆಯ ಮುಂದೆ ಹುಲ್ಲು ಹಚ್ಚಲು ಬಂದವರು ನನ್ನನ್ನು ಕಂಡು ಗೇಟಿನ ಬಳಿ ನಿಂತರು. ನೀನು ಹೊಸ ಯಜಮಾನರ ಜೊತೆ ನರ್ಸರಿಗೆ ಬಂದಿದ್ದೆಯಂತೆ. ನಿನಗೀಗ ಏಳು ತಿಂಗಳು ಎಂಬುದೂ ಅವರಿಂದಲೇ ನನಗೆ ತಿಳಿದದ್ದು. ಮನೆಯ ಮುಂದೆ ಜಾಗ ಇದೆ ಎಂದು ಯಜಮಾನರು ಒಂದು ಪಾರಿಜಾತದ ಸಸಿ ಆರಿಸಿ, ಸ್ವಲ್ಪ ಹಿಡಿ ಎಂದು ನಿನ್ನ ಮುಂದೆ ಚಾಚಿದರಂತೆ. ನೀನು ಎರಡೂ ಕೈ ಬೆನ್ನ ಹಿಂದೆ ತೆಗೆದುಕೊಂಡೆಯಂತೆ. "ನೀವ ಹಿಡೀರಿ, ನನ್ನ ಕೈಗುಣ ಛಲೋ ಇಲ್ಲ" ಎಂದೆಯಂತೆ. ಅವರು ಚೇಷ್ಟೆ ಅಂದುಕೊಂಡು ನಕ್ಕರಂತೆ. ಖಾದರಬಾಷಾ ನಕ್ಕಿರಲಿಲ್ಲ. ಅಷ್ಟೂ ಹೇಳಿ ಮುಗಿಸಿ ನನ್ನ ಮುಖ ನೋಡಿ ಕೇಳಿದರು: "ಅವ್ವಾರ, ನೀವು ಇನ್ನೂ ಹೇಳಿಲ್ಲೇನ್ರಿ ಅವರಿಗೆ?"

ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ. ನಮ್ಮ ಅಂಗಳದ ಆ ಮೂರು ಗಿಡಗಳನ್ನು ಕೊಂದದ್ದು ನಿನ್ನ ಕೈಯಲ್ಲ, ನನ್ನ ಕೈ. ಮತ್ತು ಅದು ನೀನು ಮನೆ ಬಿಡುವ ಮೊದಲೇ ನನಗೆ ಗೊತ್ತಾಗಿತ್ತು.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಾನು ನನಗೆ ಬೇಕಾದ ಕಡೆ ಹಾರಿಸಿ ಬರೆಯುತ್ತೇನೆ.

ನೀನು ಮದುವೆಯಾಗಿ ಬಂದ ವರ್ಷ ನಮ್ಮ ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲು, ಮಗ ಕಿರಣನ ಸ್ಕೂಟರು ಬಿಟ್ಟರೆ ಏನಿತ್ತು? ಎರೆ ಮಣ್ಣು, ಬೇಸಿಗೆ ಬಂದರೆ ಅಂಗೈ ತೂರುವಷ್ಟು ಬಿರಿಯುತ್ತಿತ್ತು. ನೀನು ದಿನಾ ಧಾರವಾಡದ ಕೋಚಿಂಗ್ ಸೆಂಟರಿಗೆ ಪಾಠ ಮಾಡಲು ಹೋಗಿ ಸಂಜೆ ಬಸ್ಸಿಳಿದು ಬಂದವಳು ಆ ಅಂಗಳದಲ್ಲಿ ಒಂದು ನಿಮಿಷ ಸುಮ್ಮನೆ ನಿಂತು ಒಳಗೆ ಬರುತ್ತಿದ್ದೆ. ತವರಿನ ಹಸಿರು ನೆನಪಾಗುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಒಂದು ದಿನ ಹೆದರುತ್ತ ಹೆದರುತ್ತ ಕೇಳಿದೆ: "ಅತ್ತೀ, ದೊಡ್ಡ ಗಿಡ ಬ್ಯಾಡ. ಕಿಡಕಿ ಮಟಾ ಬೆಳದು ಹೂ ಬಿಡೂವಂಥಾವು, ಸಣ್ಣವು ಮೂರು ಹಚ್ಚಲೇನ್ರಿ?" ಅನುಮತಿ ಕೊಡುವ ಮೊದಲು ನಾನು ನಿನ್ನನ್ನು ಸಾಕಷ್ಟು ಕಾಡಿಸಿದೆ. ತಿನ್ನಲು ಬರುವ ನಿಂಬೆ ಬಿಟ್ಟು, ಒಗ್ಗರಣೆಗೆ ಬೀಳುವ ಕರಿಬೇವು ಬಿಟ್ಟು, ಬರೀ ಹೂ ಬಿಡುವ ಗಿಡ ಏತಕ್ಕೆ ಎಂದು ಕೇಳಿದೆ. ನೋಡಲಿಕ್ಕೆ ಎಂದೆ ನೀನು. ಹಾಗಾದರೆ ಹಚ್ಚು ಎಂದೆ ನಾನು.

ದಸರೆಯ ಮುಂದಿನ ರವಿವಾರ ಹಚ್ಚಿದಿರಿ. ದೇವಕಣಗಿಲೆ, ಪಾರಿಜಾತ, ಬಸವನಪಾದ. ನಿನ್ನ ತವರಿನ ಹಿತ್ತಲದಿಂದ ನಾಲ್ಕು ಚೀಲ ಕೆಂಪು ಮಣ್ಣು ತರಿಸಿದ್ದೆ ನೀನು. ಅಮರಗೋಳದ ನಮ್ಮ ಕಾಳಿನ ಅಂಗಡಿಯ ಟೆಂಪೋದಲ್ಲಿ ಕಿರಣ ತಂದ, ಹಮಾಲರಿಗೆ ಬಿಡದೆ ತಾನೇ ಬೆನ್ನ ಮೇಲೆ ಹೊತ್ತ. ಚಡ್ಡಿ ಹಾಕಿಕೊಂಡು ತಗ್ಗು ತೋಡಿದ. ಗುದ್ದಲಿಗೆ ಎರೆ ಅಂಟಿ ಬಿಡದೆ ಅವನು ಬೈದುಕೊಳ್ಳುವುದು, ನೀನು ಮೊಣಕೈಗೆ ಕೆಸರು ಬಳಿದುಕೊಂಡು ನಗುವುದು. ನನ್ನ ಗಂಡನ ಅಕ್ಕ ಮುರಿಗೆವ್ವ ಪಡಸಾಲೆಯಿಂದ ನೋಡಿ ಮೂಗು ಮುರಿದರು. ನಾನು ಮಾತ್ರ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಸಂತೋಷಪಟ್ಟೆ, ಉಮಾ. ತಂದೆ ಸತ್ತ ಮೇಲೆ ಅಂಗಡಿಗೆ ಕುಳಿತ ನನ್ನ ಮಗ ಹಾಗೆ ನಕ್ಕಿದ್ದನ್ನು ನಾನು ಹನ್ನೊಂದು ವರ್ಷ ನೋಡಿರಲಿಲ್ಲ.

ಬೇರು ಹಿಡಿದ ಮೇಲೆ ಮೂರು ದಿನಕ್ಕೊಮ್ಮೆ ಗಿಡಕ್ಕೊಂದು ತಂಬಿಗೆ ನೀರು, ಹೆಚ್ಚು ಬೇಡ ಎಂದು ಖಾದರಬಾಷಾ ನಿನಗೆ ಹೇಳಿಕೊಟ್ಟಿದ್ದರು. ನೀನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹಾಗೆಯೇ ಹಾಕುತ್ತಿದ್ದೆ. ಅದೇ ಕ್ಯಾಲೆಂಡರಿನಲ್ಲಿ ನನ್ನದೂ ಒಂದು ಗುರುತು ಇರುತ್ತಿತ್ತು, ನಳ ಬರುವ ದಿನದ್ದು.

ನೀನು ಧಾರವಾಡದವಳಾದರೂ ನಮ್ಮ ಓಣಿಯ ನೀರಿನ ಹಬ್ಬ ನಿನಗೆ ಪೂರ್ತಿ ತಿಳಿಯಲಿಲ್ಲ, ಯಾಕೆಂದರೆ ಆ ಹೊತ್ತಿಗೆ ನೀನು ಬಸ್ಸಿನಲ್ಲಿರುತ್ತಿದ್ದೆ. ಎಂಟು ದಿನಕ್ಕೊಮ್ಮೆ ನೀರು. ಹೊಸ ನೀರು ಬಂತೆಂದರೆ ಮನೆಯಲ್ಲಿ ಉಳಿದ ಹಳೆಯ ನೀರೆಲ್ಲ ನಮ್ಮ ಕಣ್ಣಿಗೆ ಹಳಸಿದ ಅಂಬಲಿ. ಕೊಡ, ಹಂಡೆ, ಡ್ರಮ್ಮು, ಟಾಕಿ ಎಲ್ಲ ಬರಿದು ಮಾಡಿ, ತಿಕ್ಕಿ ತೊಳೆದು ಹೊಸದು ತುಂಬಬೇಕು. ಏಳು ದಿನ ಒಂದೊಂದು ತಂಬಿಗೆಗೆ ಜಗಳಾಡುವ ಹೆಂಗಸರು ಎಂಟನೇ ದಿನ ಗಟಾರಕ್ಕೆ ಕೊಡಗಟ್ಟಲೆ ಸುರಿಯುತ್ತೇವೆ. ನಮ್ಮೂರಿನ ಬುದ್ಧಿಯೇ ಹೀಗೆ. ನಾನೂ ನಲವತ್ತು ವರ್ಷ ಸುರಿದವಳು, ಪ್ರತಿ ಸಲ ಹೊಟ್ಟೆ ಉರಿಸಿಕೊಂಡೇ ಸುರಿದವಳು.

ನಿನ್ನ ಗಿಡ ಬಂದ ಮೇಲೆ ನನಗೆ ಎಷ್ಟು ಹಿಗ್ಗು ಅಂತೀ. ಇನ್ನು ನೀರು ದಂಡವಾಗುವುದಿಲ್ಲ ಎಂದುಕೊಂಡೆ. ನಿನ್ನ ತಂಬಿಗೆಯ ಲೆಕ್ಕ ನನಗೆ ಜಿಪುಣತನವಾಗಿ ಕಂಡಿತ್ತು. ಹುಡುಗಿ ನೀರಿನ ಬರ ನೋಡಿ ಸಂಕೋಚ ಮಾಡಿಕೊಂಡಿದ್ದಾಳೆ, ಬಾಯಿಬಿಟ್ಟು ಕೇಳುತ್ತಿಲ್ಲ ಎಂದು ನಾನೇ ಕಥೆ ಕಟ್ಟಿಕೊಂಡೆ. ನೀನು ಬಸ್ಸು ಹತ್ತಿದ ಮೇಲೆ ಒಂದೊಂದು ಗಿಡಕ್ಕೆ ಆರಾರು ಕೊಡ ಸುರಿದೆ. ಹರಿದುಹೋಗದಿರಲೆಂದು ಸುತ್ತ ಇಟ್ಟಂಗಿ ಇಟ್ಟು ಪಾತಿ ಕಟ್ಟಿದೆ. ನೀನು ಅದನ್ನು ನೋಡಿ ಚೆಂದ ಕಾಣುತ್ತದೆ ಎಂದೆ. ನೀರಿನ ವಿಷಯ ನಾನು ಹೇಳಲಿಲ್ಲ. ಕದ್ದು ಮಾಡಿದ ಉಪಕಾರಕ್ಕೆ ಒಂದು ರುಚಿ ಇರುತ್ತದೆ ನೋಡು. ಹೂ ಬಿಟ್ಟ ದಿನ ಹೇಳಿ ನಿನ್ನನ್ನು ಬೆರಗುಗೊಳಿಸಬೇಕೆಂದಿದ್ದೆ.

ಸಂಕ್ರಾಂತಿಯ ಹೊತ್ತಿಗೆ ದೇವಕಣಗಿಲೆಯ ಕಾಂಡ ಮೆತ್ತಗಾಯಿತು. ನೀನು ಬೆರಳಿನಿಂದ ಒತ್ತಿ ನೋಡಿ ಸಪ್ಪಗಾದೆ. ಶಿವರಾತ್ರಿ ಮುಂದೆ ಪಾರಿಜಾತದ ಎಲೆ ಜೋತುಬಿದ್ದವು. ಬಾಯಾರಿದೆ ಅಂದುಕೊಂಡು ನಾನು ಅದಕ್ಕೆ ನಡುವೆ ಇನ್ನೆರಡು ಕೊಡ ಹೆಚ್ಚಿಗೆ ಹಾಕಿದೆ. ಅದೂ ಹೋಯಿತು. ಅದೇ ತಿಂಗಳು ನಿನ್ನ ಮೊದಲ ಬಸಿರೂ ಹೋಯಿತು, ಇನ್ನೂ ಯಾರಿಗೂ ಹೇಳಿರಲಿಲ್ಲ, ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು. ನೀನು ಎರಡು ದಿನ ಮಲಗಿ ಮೂರನೆಯ ದಿನ ಎದ್ದು ಬಸವನಪಾದಕ್ಕೆ ತಂಬಿಗೆ ನೀರು ಹಾಕಿದೆ. ಇದೊಂದಾದರೂ ಇರಲಿ ಎಂದು ನೀನು ಗಿಡಕ್ಕೆ ಹೇಳಿದ್ದು ನನಗೆ ಕೇಳಿಸಿತ್ತು.

ಅದೊಂದು ಗಟ್ಟಿ ಜೀವ. ನನ್ನ ನೀರು ಕುಡಿದೂ ಮುಂದಿನ ವರ್ಷ ದೀಪಾವಳಿ ದಾಟಿತು. ನಿನ್ನ ಎದೆಮಟ್ಟ ಬೆಳೆಯಿತು. ಆಗ ನಿನಗೆ ಮತ್ತೆ ನಿಂತಿತ್ತು, ನಾಲ್ಕನೆಯ ತಿಂಗಳು. ಮೊಗ್ಗು ಕಂಡಿವೆ ಎಂದು ನೀನು ಕಿರಣನನ್ನು ಅಂಗಡಿಯಿಂದ ಕರೆಸಿದ್ದು, ಅವನು ಮೆಣಸಿನಕಾಯಿ ಘಾಟಿನ ಅಂಗಿಯಲ್ಲೇ ಬಂದು ನಿಂತು, ಎಲ್ಲಿ ಮೊಗ್ಗು ಎಂದು ಹುಡುಕಿದ್ದು ನೆನಪಿದೆಯೇ? ಅದಾಗಿ ಹತ್ತು ದಿನಕ್ಕೆ ಮೊಗ್ಗು ಕರ್ರಗಾಗಿ ಉದುರಿದವು, ಎಲೆ ಒಂದೂ ಉಳಿಯಲಿಲ್ಲ. ಮತ್ತೆ ಮೂರು ದಿನಕ್ಕೆ ನಿನ್ನನ್ನು ದವಾಖಾನೆಗೆ ಸೇರಿಸಿದೆವು.

ಆ ಕೂಸು ಉಳಿಯಲಿಲ್ಲ. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಇದು ಹುಡುಗಿ ಮಾಡಿದ್ದರಿಂದಾಗಲೀ ಬಿಟ್ಟಿದ್ದರಿಂದಾಗಲೀ ಆದದ್ದಲ್ಲ, ಅವಳಿಗೆ ಹಾಗೆ ಅನ್ನಿಸದಂತೆ ನೋಡಿಕೊಳ್ಳಿ ಎಂದು ಬಿಡಿಸಿ ಹೇಳಿದರು. ನಾನು ಹ್ಞೂಂ ಎಂದು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ನೀನು ಮನೆಗೆ ಬಂದು ಆ ಒಣಗಿದ ಗಿಡ ನೋಡಬಾರದೆಂದು ಕಿರಣ ಖಾದರಬಾಷಾರಿಗೆ ಹೇಳಿ ಕಳಿಸಿದ. ನೀನಿನ್ನೂ ದವಾಖಾನೆಯಲ್ಲಿದ್ದೆ, ಕಿರಣ ನಿನ್ನ ಹತ್ತಿರ ಇದ್ದ. ಅವರು ಕಿತ್ತರು. ಬೇರು ಕಪ್ಪಾಗಿ, ಕೈಯಲ್ಲಿ ಹಿಡಿದರೆ ಸಿಪ್ಪೆ ಕಳಚಿ ಬಂತು. ತಗ್ಗಿನ ತಳದಲ್ಲಿ ಗೇಣುದ್ದ ನೀರು ನಿಂತಿತ್ತು, ನಾರುತ್ತಿತ್ತು. ಎಷ್ಟು ನೀರು ಹಾಕುತ್ತಿದ್ದಿರಿ ಎಂದು ಕೇಳಿದರು. ನಾನು ಜಂಬದಿಂದಲೇ ಹೇಳಿದೆ. ಅವರು ಗುದ್ದಲಿ ಒರೆಸಿದರು. ಕೆಂಪು ಮಣ್ಣು ನೀರು ಒಳಗೆ ಬಿಟ್ಟುಕೊಂಡಿತು, ಸುತ್ತಲಿನ ಎರೆ ಅದನ್ನು ಹೊರಗೆ ಬಿಡಲಿಲ್ಲ, ತಗ್ಗು ಗಡಿಗೆಯಾಗಿಬಿಟ್ಟಿದೆ ಎಂದು ತಿಳಿಸಿ ಹೇಳಿದರು. ತಂಬಿಗೆ ನೀರಿಗೆ ಏನೂ ಆಗುತ್ತಿರಲಿಲ್ಲವಂತೆ. "ಇದಕ್ಕ ರೋಗ ಬಂದಿಲ್ಲರಿ ಅವ್ವಾರ" ಎಂದರು. "ಮುಳುಗಿ ಸತ್ತೈತಿ."

ಆಗ ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? ಅಯ್ಯೋ ಎಂದಲ್ಲ, ನಿನ್ನ ಹೆಸರಲ್ಲ. ಹುಡುಗಿಗೆ ಹೇಳಬೇಡಿ ಎಂದೆ. ಅವರು ನನ್ನನ್ನು ನೋಡಿದರು. "ನಾ ಹೇಳೂದಿಲ್ಲರಿ. ಹೇಳೂದು ನಿಮ್ಮ ಕೆಲಸ."

ಹೇಳಬೇಕೆಂದೇ ಇದ್ದೆ, ಉಮಾ. ನೀನು ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡೆ. ನನ್ನ ನಾಚಿಕೆಗೆ ನಿನ್ನ ಆರೋಗ್ಯದ ಹೆಸರಿಟ್ಟೆ. ವರ್ಷಕ್ಕೂ ಮೇಲೆ ನಿನ್ನ ಬೆನ್ನ ಹಿಂದೆ ಕೊಡ ಹೊತ್ತವಳು, ಹೊತ್ತು ಹೊತ್ತು ಸೊಂಟ ನೋಯಿಸಿಕೊಂಡವಳು, ಕೊಂದವಳು ನಾನೇ ಎಂದು ನಿನ್ನ ಮುಂದೆ ಹೇಗೆ ನಿಲ್ಲಲಿ ಎಂದು ಹೆದರಿದೆ. ಅಷ್ಟರಲ್ಲಿ ನೀನು ಮನೆಗೆ ಬಂದ ಐದನೆಯ ದಿನ ಓಣಿಯ ಇಬ್ಬರು ಹೆಂಗಸರು ನಿನ್ನನ್ನು ಮಾತಾಡಿಸಲು ಬಂದರು. ನೀನು ಗೋಡೆಗೆ ಒರಗಿ ಕುಳಿತಿದ್ದೆ. ಅವರು ನಿನ್ನನ್ನು ಮಾತಾಡಿಸಿದ್ದಕ್ಕಿಂತ ಮುರಿಗೆವ್ವನನ್ನು ಮಾತಾಡಿಸಿದ್ದೇ ಹೆಚ್ಚು. ಮುರಿಗೆವ್ವ ನಿಟ್ಟುಸಿರು ಬಿಟ್ಟು, ನಿನಗೆ ಕೇಳುವ ಹಾಗೆಯೇ ಅಂದರು: "ಏನ್ ಮಾಡೂದು, ಅಕೀ ಕೈಗುಣಾನ ಹಂಗೈತಿ. ಗಿಡಾನೂ ಉಳೀಲಿಲ್ಲ, ಕೂಸೂ ಉಳೀಲಿಲ್ಲ."

ನೀನು ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದೆ. ನಾನು ಏನಾದರೂ ಅನ್ನುತ್ತೇನೆ ಎಂದು ನೋಡಿದೆ. ಒಂದು ಮಾತು ಸಾಕಿತ್ತು. ಗಿಡ ಕೊಂದವಳು ನಾನು ಎಂಬ ಮೂರು ಪದ. ಗಿಡದ ಮಾತು ಸುಳ್ಳೆಂದಾಗಿದ್ದರೆ ಕೂಸಿನ ಮಾತೂ ಅದರ ಜೊತೆಗೇ ಸುಳ್ಳಾಗುತ್ತಿತ್ತು. ನನ್ನ ಕೈಯಲ್ಲಿ ತಾಟು ಇತ್ತು, ಅದರಲ್ಲಿ ನಾಲ್ಕು ಕಪ್ಪು. ನಾನು ಅಂದದ್ದು ಇಷ್ಟು: "ಚಾ ಆರಾಕತ್ತೈತಿ, ಕುಡೀರಿ."

ಮುರಿಗೆವ್ವನ ಮೇಲೆ ನನಗೆ ಸಿಟ್ಟಿಲ್ಲ. ಅವರು ನಂಬಿದ್ದನ್ನು ಆಡಿದರು. ನಾನು ಗೊತ್ತಿದ್ದೂ ಚಹಾ ಕೊಟ್ಟೆ.

ಅವತ್ತು ರಾತ್ರಿ ಹಾಲು ಕಾಸಿ ಇಟ್ಟಾಗ, ಹೆಪ್ಪು ನೀವೇ ಹಾಕಿ ಎಂದು ನೀನು ಪಾತ್ರೆ ನನ್ನ ಕಡೆ ಸರಿಸಿದೆ. ಮರುದಿನವೂ ಸರಿಸಿದೆ. ನೀನು ಈ ಮನೆಯಲ್ಲಿದ್ದ ಉಳಿದ ಒಂದು ತಿಂಗಳು ಹೆಪ್ಪು ಹಾಕಲಿಲ್ಲ, ರೊಟ್ಟಿ ಹಿಟ್ಟಿಗೆ ಕೈ ಹಚ್ಚಲಿಲ್ಲ, ಪಕ್ಕದ ಮನೆಯ ಕೂಸು ತೆವಳಿಕೊಂಡು ಬಂದರೆ ಎದ್ದು ಒಳಗೆ ಹೋಗುತ್ತಿದ್ದೆ. ನಾನು ಎಲ್ಲ ನೋಡಿದೆ. ನೋಡುತ್ತ, ನಿನಗೆ ಇಷ್ಟವೆಂದು ಮಾದಲಿ ಮಾಡಿದೆ, ತಲೆಗೆ ಎಣ್ಣೆ ಹಚ್ಚಿದೆ, ಪಾಪ ಪಾಪ ಅಂದೆ. ಬೇಕಾಗಿದ್ದ ಒಂದನ್ನು ಬಿಟ್ಟು ಎಲ್ಲ ಮಾಡಿದೆ.

ನೀನು ತವರಿಗೆ ಹೋಗುವ ದಿನ ಗೇಟಿನಲ್ಲಿ ಹೇಳಿದ ಮಾತು ನನಗೆ ಬಾಯಿಪಾಠ ಆಗಿದೆ. "ಅತ್ತೀ, ನಾ ಮುಟ್ಟಿದ್ದು ಯಾವುದೂ ಉಳಿಯೂದಿಲ್ಲ. ಅವರಿಗೆ ಬ್ಯಾರೆ ಲಗ್ನ ಮಾಡ್ರಿ. ಅವರಿಗರ ಮಕ್ಕಳಾಗಲಿ." ಆಗಲೂ ಸಮಯವಿತ್ತು. ರಿಕ್ಷಾ ಇನ್ನೂ ಶುರುವಾಗಿರಲಿಲ್ಲ. ನಾನು ನಿನ್ನ ಹಣೆಗೆ ವಿಭೂತಿ ಹಚ್ಚಿ ಕಳಿಸಿದೆ. ಕಿರಣ ನಾಲ್ಕು ಸಲ ಕರೆಯಲು ಬಂದ, ಬೇರೆ ಲಗ್ನ ಮಾಡಿಕೊಳ್ಳಿ ಎಂದಷ್ಟೇ ಹೇಳಿ ನೀನು ಕಳಿಸಿದೆ. ಐದನೆಯ ಸಲ ಅವನು ಹೊರಡಲಿಲ್ಲ. ನಿನಗೆ ಅವನು ಬೇಡವಾದ ಎಂದೇ ತಿಳಿದುಕೊಂಡ. ವಿಚ್ಛೇದನದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದಿರಿ.

ಖಾದರಬಾಷಾ ಬಂದು ಹೋದ ಮೇಲೆ ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ನಿನ್ನೆ ರವಿವಾರ, ಕಿರಣನೂ ಮುರಿಗೆವ್ವನೂ ಊಟಕ್ಕೆ ಕುಳಿತಾಗ ಹೇಳಿದೆ. ನಳದ ನೀರು, ಆರಾರು ಕೊಡ, ತಗ್ಗಿನಲ್ಲಿ ನಿಂತ ನೀರು, ಖಾದರಬಾಷಾರ ಬಾಯಿ ಮುಚ್ಚಿಸಿದ್ದು, ಚಹಾದ ತಾಟು, ಎಲ್ಲ. ಮುರಿಗೆವ್ವ ತುತ್ತು ಕೆಳಗಿಟ್ಟರು. ನೀನು ಗೇಟಿನಲ್ಲಿ ಆಡಿದ್ದನ್ನೂ, ನರ್ಸರಿಯಲ್ಲಿ ಕೈ ಹಿಂದೆ ತೆಗೆದುಕೊಂಡದ್ದನ್ನೂ ಹೇಳಿದೆ. ಕಿರಣ ತಾಟು ನೋಡುತ್ತ ಕುಳಿತಿದ್ದ. ಮೆಲ್ಲಗೆ ಕೇಳಿದ: "ಅವ್ವಾ, ಆವಾಗ ಯಾಕ ಹೇಳಲಿಲ್ಲ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಖರೇ ಖರೇ ತಿಳಿದುಕೊಳ್ಳಲೆಂದೇ ಕೇಳಿದ. ಮೂವತ್ತೈದು ವರ್ಷದ ಮಗ, ಮೀಸೆಯಲ್ಲಿ ಎರಡು ಬಿಳಿ ಕೂದಲು ಬಂದಿವೆ, ಬೇರೆ ಲಗ್ನದ ಮಾತೆತ್ತಿದರೆ ಎದ್ದು ಅಂಗಡಿಗೆ ಹೋಗುತ್ತಾನೆ. ನನ್ನ ಮಗನ ಸಂಸಾರವನ್ನು ನಾನು ನನ್ನ ಮರ್ಯಾದೆಗಾಗಿ ಕೈಬಿಟ್ಟೆ.

ಕೈ ತೊಳೆದು ಬಂದು ಅವನು ಒಂದೇ ಮಾತು ಹೇಳಿದ. "ಅಕೀಗೆ ಹೇಳು. ನನಗ ಹೇಳಿ ಇನ್ನೇನೂ ಉಪಯೋಗ ಇಲ್ಲ." ನಿನ್ನ ಈಗಿನ ವಿಳಾಸ ನನಗೆ ಗೊತ್ತಿಲ್ಲ ಎಂದೆ. ಅವನು ಏನೂ ನೋಡದೆ, ಯಾರನ್ನೂ ಕೇಳದೆ, ಲಕೋಟೆಯ ಮೇಲೆ ಮನೆ ನಂಬರಿನಿಂದ ಪಿನ್‌ಕೋಡಿನವರೆಗೆ ಬರೆದುಕೊಟ್ಟ. ಮೇಲಿನ ಅಕ್ಷರ ಅವನದು ಎಂದು ನೀನು ಗುರುತು ಹಿಡಿಯುತ್ತೀ. ಅವನ ಮೇಲೆ ಸಿಟ್ಟು ಮಾಡಬೇಡ. ಅವನು ಈ ಪತ್ರ ಓದಿಲ್ಲ, ನಿನ್ನ ಬಾಳಿನ ನಡುವೆ ಬರುವವನೂ ಅಲ್ಲ.

ನಾನೂ ಬರುವುದಿಲ್ಲ. ನಿನ್ನ ಏಳು ತಿಂಗಳ ಕುಬಸದ ಕಾರ್ಯಕ್ಕೆ ಕರೆ ಎಂದು ಕೇಳುತ್ತಿಲ್ಲ. ಹಸಿರು ಬಳೆ ಕಳಿಸೋಣವೆಂದು ಪೇಟೆಗೆ ಹೋಗಿ, ಬರಿಗೈಯಲ್ಲಿ ವಾಪಸು ಬಂದೆ. ಉಡುಗೊರೆ ಕಳಿಸಿದರೆ ಕ್ಷಮೆಗೆ ಕೈಯೊಡ್ಡಿದ ಹಾಗಾಗುತ್ತದೆ. ಕ್ಷಮಿಸುವುದು ಬಿಡುವುದು ನಿನ್ನದು, ಅದಕ್ಕೆ ಅವಸರವೂ ಇಲ್ಲ, ಅದು ಆಗಲೇಬೇಕೆಂದೂ ಇಲ್ಲ. ಈ ಪತ್ರಕ್ಕೆ ಉತ್ತರವೂ ಬೇಡ. ನೀನು ಸುಖವಾಗಿದ್ದೀ ಎಂದು ಕೇಳಿ ನನಗೆ ಸಂತೋಷವಾಯಿತು. ಆಮೇಲೆ ಬಚ್ಚಲಮನೆಗೆ ಹೋಗಿ ಅತ್ತೆ. ಎರಡೂ ಖರೇ.

ಒಂದೇ ಒಂದು ಕೇಳಿಕೊಳ್ಳುತ್ತೇನೆ, ಹಿರಿಯಳೆಂದಲ್ಲ, ತಪ್ಪು ಮಾಡಿದವಳೆಂದು. ಹೆರಿಗೆಯಾದ ಮೇಲೆ ಕೂಸನ್ನು ತಂದು ತೋರಿಸಿದಾಗ ನಿನ್ನ ಕೈ ಹಿಂದೆ ಸರಿಯಬಹುದು. ಮೂರು ವರ್ಷ ತಲೆಯಲ್ಲಿ ಕುಳಿತದ್ದು ಒಂದು ಪತ್ರಕ್ಕೆ ಎದ್ದು ಹೋಗುವುದಿಲ್ಲ, ನನಗೆ ಗೊತ್ತು. ಆಗ ನನ್ನನ್ನು ಎಷ್ಟು ಬೇಕಾದರೂ ಬೈದುಕೊ. ಹೆಸರು ಹಿಡಿದು ಬೈದುಕೊ, ನಾನು ಅದಕ್ಕೆ ಅರ್ಹಳು. ಬೈಯುತ್ತಲೇ ಎರಡೂ ಕೈ ಚಾಚಿ, ಬೇರೆ ಯಾರಿಗೂ ಕೊಡುವ ಮೊದಲು, ನಿನ್ನ ಕೂಸನ್ನು ನೀನೇ ಎತ್ತಿಕೊ.

ಹಡೆದು ಕೂಸು ತಾಯಿ ಇಬ್ಬರೂ ತಣ್ಣಗಿರಿ.

ನಿನಗೆ ಒಂದು ಮಾತಿನ ಸಾಲಗಾರ್ತಿಯಾಗಿ ಇಷ್ಟು ದಿನ ಉಳಿದ,
ದಾಕ್ಷಾಯಿಣಿ